ಹಾಲಿನ ಡೇರಿಯಲ್ಲಿ ಆರ್ಕಿಮಿಡೀಸ್

ಮಂಡ್ಯ ನಗರಕ್ಕೆ ಸೇರಿಹೋಗಿರುವ ಗುತ್ತಲು ಇರಲಿ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿರಲಿ, ಈ ಸೀಮೆಯ ರೈತರ ಕೈಗೆ ಕಾಸು ತರುವ ದ್ರವಗಳು ಮುಖ್ಯವಾಗಿ ಎರಡು: ಹಾಲು ಮತ್ತು ಕಬ್ಬಿನ ರಸ. ಇವೆರಡರ ಗುಣ ಅಳೆಯಲು ಬಳಕೆಗೆ ಬಂದದ್ದು ಒಂದೇ ಬಗೆಯ ಸಾಧನ. ಕೆಳಗೆ ಭಾರ ತುಂಬಿದ ಗಾಜಿನ ಬುರುಡೆ, ಮೇಲೆ ಗೆರೆ ಹಾಕಿದ ಸಪೂರ ಕೊಳವೆ. ಹಾಲಿನಲ್ಲಿ ತೇಲಿಬಿಟ್ಟರೆ ಅದು ಲ್ಯಾಕ್ಟೋಮೀಟರ್, ಕಬ್ಬಿನ ರಸದಲ್ಲಿ ಬ್ರಿಕ್ಸ್ ಮಾಪಕ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅದರ ಹೆಸರು ಹೈಡ್ರೋಮೀಟರ್.

ಇದರ ಹಿಂದಿರುವುದು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಸಿರಾಕ್ಯೂಸ್ ನಗರದಲ್ಲಿದ್ದ ಆರ್ಕಿಮಿಡೀಸ್ ಕಂಡುಕೊಂಡ ತತ್ವ. ದ್ರವದಲ್ಲಿ ಮುಳುಗಿದ ವಸ್ತು ಎಷ್ಟು ದ್ರವವನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ದ್ರವದ ತೂಕವನ್ನು ತಾನು ಕಳೆದುಕೊಂಡಂತೆ ತೋರುತ್ತದೆ. ಗಾಳಿಯಲ್ಲಿ 500 ಗ್ರಾಂ ತೂಗುವ ಕಲ್ಲು ನೀರಿನಲ್ಲಿ 300 ಗ್ರಾಂ ತೂಗಿದರೆ, ಅದು ಸರಿಸಿದ ನೀರು 200 ಗ್ರಾಂ. ಐನೂರನ್ನು ಇನ್ನೂರರಿಂದ ಭಾಗಿಸಿದರೆ 2.5. ಅಂದರೆ ಕಲ್ಲು ನೀರಿಗಿಂತ ಎರಡೂವರೆ ಪಟ್ಟು ಸಾಂದ್ರ. ತೇಲುವ ವಸ್ತುವಾದರೋ, ತನ್ನ ತೂಕದಷ್ಟೇ ದ್ರವವನ್ನು ಸರಿಸುವವರೆಗೆ ಮಾತ್ರ ಮುಳುಗುತ್ತದೆ. ದ್ರವ ತೆಳುವಾದಷ್ಟೂ ಕಡ್ಡಿ ಆಳಕ್ಕೆ ಇಳಿಯುತ್ತದೆ.

ಕ್ರಿ.ಶ. 400ರ ಸುಮಾರಿನಲ್ಲಿ ಸಿನೇಸಿಯಸ್ ಎಂಬಾತ ಅಲೆಕ್ಸಾಂಡ್ರಿಯದ ಗಣಿತಜ್ಞೆ ಹೈಪೇಷಿಯಾಳಿಗೆ ಬರೆದ ಪತ್ರದಲ್ಲಿ, ಗುರುತು ಕೊರೆದ ಕೊಳವೆಯ ತುದಿಗೆ ಭಾರ ಕಟ್ಟಿದ ಇಂಥದೇ ಸಾಧನವೊಂದನ್ನು ಮಾಡಿಸಿಕೊಡುವಂತೆ ಕೋರಿದ್ದ. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ 1675ರಲ್ಲಿ ಖೋಟಾ ನಾಣ್ಯ ಹಿಡಿಯಲು ಇದನ್ನೇ ಬಳಸಬಹುದೆಂದು ತೋರಿಸಿದ. ಆರಂಭದಿಂದಲೂ ಈ ಕಡ್ಡಿಗೆ ಮೋಸ ಪತ್ತೆ ಮಾಡುವ ಕೆಲಸ ಅಂಟಿಕೊಂಡೇ ಬಂದಿದೆ.

ಆದರೆ ಈ ಪತ್ತೇದಾರನನ್ನೇ ಮೋಸಗೊಳಿಸಬಹುದು. ಹಾಲಿನ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1.028ರಿಂದ 1.032ರವರೆಗೆ ಇರುತ್ತದೆ. 1.028 ಇದ್ದರೆ ಲ್ಯಾಕ್ಟೋಮೀಟರ್ 28 ತೋರಿಸುತ್ತದೆ. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ. ಜಿಡ್ಡು ನೀರಿಗಿಂತ ಹಗುರವಾದ್ದರಿಂದ, ಕೆನೆ ತೆಗೆದರೆ ಅಂಕಿ ಏರುತ್ತದೆ! ಕೆನೆ ತೆಗೆದು ಅಳತೆ ನೋಡಿಕೊಂಡು ನೀರು ಹಾಕಿದವನ ಹಾಲು ಅಪ್ಪಟ ಹಾಲಿನಂತೆಯೇ ಕಾಣುತ್ತದೆ. ಇನ್ನೊಂದೆಡೆ, ಆಗತಾನೆ ಕರೆದ ಬೆಚ್ಚನೆಯ ಹಾಲಿನಲ್ಲಿ ಕಡ್ಡಿ ತುಸು ಆಳಕ್ಕೆ ಇಳಿಯುತ್ತದೆ. ಉಷ್ಣತೆಯ ಲೆಕ್ಕ ಹಿಡಿಯದಿದ್ದರೆ ಒಂದು ತೊಟ್ಟೂ ನೀರು ಬೆರೆಸದ ರೈತನ ಮೇಲೆ ಅಪವಾದ ಬರಬಹುದು.

ಈ ತೊಡಕಿಗೆ ದಾರಿ ಸಿಕ್ಕಿದ್ದು 1890ರಲ್ಲಿ. ಅಮೆರಿಕದ ಸ್ಟೀಫನ್ ಬ್ಯಾಬ್‌ಕಾಕ್ ಗಂಧಕಾಮ್ಲ ಬೆರೆಸಿ, ಗಿರ್ರನೆ ತಿರುಗಿಸಿ ಹಾಲಿನ ಜಿಡ್ಡನ್ನು ಬೇರ್ಪಡಿಸಿ ಅಳೆಯುವ ವಿಧಾನ ಪ್ರಕಟಿಸಿದ. ಅದೇ ಸುಮಾರಿಗೆ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ರೂಪಿಸಿದ ವಿಧಾನ ನಮ್ಮ ಡೇರಿಗಳಲ್ಲಿ ನೆಲೆಯೂರಿತು. ಸಾಂದ್ರತೆ ಮತ್ತು ಜಿಡ್ಡು ಎರಡೂ ಗೊತ್ತಾದರೆ ಜಿಡ್ಡೇತರ ಘನಾಂಶವನ್ನು ಲೆಕ್ಕ ಹಾಕಬಹುದು. ಡೇರಿ ಚೀಟಿಯಲ್ಲಿ ಫ್ಯಾಟ್ ಜೊತೆಗೆ ಎಸ್‌ಎನ್‌ಎಫ್ ಎಂಬ ಅಂಕಿ ಕಾಣಿಸಿಕೊಂಡದ್ದು ಹೀಗೆ.

ಕಬ್ಬಿನದೂ ಇದೇ ಕಥೆ. 1843ರಲ್ಲಿ ಕಾರ್ಲ್ ಬಾಲಿಂಗ್ ಸಕ್ಕರೆ ದ್ರಾವಣಗಳ ಸಾಂದ್ರತೆಯ ಕೋಷ್ಟಕ ಸಿದ್ಧಪಡಿಸಿದ. ಜರ್ಮನಿಯ ಅಡಾಲ್ಫ್ ಬ್ರಿಕ್ಸ್ ಅದನ್ನು ತಿದ್ದಿದ. 100 ಗ್ರಾಂ ದ್ರಾವಣದಲ್ಲಿ 20 ಗ್ರಾಂ ಸಕ್ಕರೆ ಇದ್ದರೆ 20 ಡಿಗ್ರಿ ಬ್ರಿಕ್ಸ್. ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು ಬಂದು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಮಂಡ್ಯಕ್ಕೂ ಈ ಹೆಸರು ಸಂಬಂಧಪಟ್ಟದ್ದಾಯಿತು.

ಆದರೆ ರಸದಲ್ಲಿ ಕರಗಿರುವುದೆಲ್ಲ ಸಕ್ಕರೆಯಲ್ಲ. ಲವಣ, ಗ್ಲೂಕೋಸ್ ಮೊದಲಾದವನ್ನೂ ಕಡ್ಡಿ ಒಟ್ಟಿಗೇ ಎಣಿಸುತ್ತದೆ. ಹರಳುಗಟ್ಟುವ ಸಕ್ಕರೆ ಎಷ್ಟೆಂದು ತಿಳಿಯಲು ಬೆಳಕಿನ ಸಹಾಯದಿಂದ ಅಳೆಯುವ ಪೋಲಾರಿಮೀಟರ್ ಬೇಕಾಯಿತು. ಅಷ್ಟು ಮಾಡಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಕೇಂದ್ರ ಸರ್ಕಾರ ನಿಗದಿಪಡಿಸುವ ಎಫ್‌ಆರ್‌ಪಿ ದರ ನಿಂತಿರುವುದು ಇಡೀ ಕಾರ್ಖಾನೆಯ ಸರಾಸರಿ ಸಕ್ಕರೆ ಇಳುವರಿಯ ಮೇಲೆ, ಒಬ್ಬ ರೈತನ ಕಬ್ಬಿನ ಸಿಹಿಯ ಮೇಲಲ್ಲ. ಹಾಲು ಹಾಕುವವನಿಗೆ ಅವನದೇ ಕ್ಯಾನಿನ ಲೆಕ್ಕ. ಕಬ್ಬು ಕಡಿದವನಿಗೆ ಊರೊಟ್ಟಿನ ಲೆಕ್ಕ.

ಈಗ ಅನೇಕ ಹಾಲಿನ ಸಂಘಗಳಲ್ಲಿ ವಿದ್ಯುನ್ಮಾನ ಯಂತ್ರ ಕ್ಷಣಾರ್ಧದಲ್ಲಿ ಅಂಕಿ ಮುದ್ರಿಸಿಕೊಡುತ್ತದೆ. ಆದರೂ ಚೀಟಿಯ ಮೇಲಿನ ಅಂಕಿ ಏನನ್ನು ಅಳೆದಿದೆ, ಏನನ್ನು ಬಿಟ್ಟಿದೆ ಎಂಬುದು ರೈತನಿಗೆ ತಿಳಿದಿರಬೇಕು. ಕಾಲೇಜಿನ ಪ್ರಯೋಗಾಲಯದಲ್ಲಿ ಕಲ್ಲನ್ನು ನೀರಿನಲ್ಲಿ ತೂಗುವ ಹುಡುಗ ಮನೆಗೆ ಹೋಗಿ ಅಪ್ಪನಿಗೆ ಅಷ್ಟನ್ನು ವಿವರಿಸಬಲ್ಲನಾದರೆ ಆ ಪಾಠ ಸಾರ್ಥಕ.