ಮಡಚು ಕ್ಷೌರಕತ್ತಿ: ಅಗಲ ಮತ್ತು ಅಲಗಿನ ಆಕಾರ

ಮಡಚುವ ಕ್ಷೌರಕತ್ತಿಯ ಅಗಲವನ್ನು ಬೆನ್ನಿನಿಂದ ಬಾಯಿಯವರೆಗೆ, ಅಂಗುಲದ ಎಂಟನೇ ಭಾಗಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಹಳೆಯ ಕತ್ತಿಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು 5/8 (ಸುಮಾರು 16 ಮಿ.ಮೀ.) ಮತ್ತು 6/8 (ಸುಮಾರು 19 ಮಿ.ಮೀ.). ಕಿರಿದಾದ ಅಲಗು ಮೂಗಿನ ಕೆಳಗೆ ಸಲೀಸಾಗಿ ತಿರುಗುತ್ತದೆ. ಅಗಲವಾದದ್ದು ಹೆಚ್ಚು ನೊರೆ ಹಿಡಿದುಕೊಳ್ಳುತ್ತದೆ, ತನ್ನ ಭಾರದಿಂದಲೇ ಮುಂದೆ ಸಾಗುತ್ತದೆ.

ಅಗಲಕ್ಕಿಂತ ಮುಖ್ಯವಾದದ್ದು ಅಲಗಿನ ಪಕ್ಕಗಳನ್ನು ಎಷ್ಟು ತೋಡಿದ್ದಾರೆ ಎಂಬುದು. ಇಂಗ್ಲೆಂಡಿನ ಶೆಫೀಲ್ಡ್‌ನ ಹಳೆಯ ಕತ್ತಿಗಳು ಬಹುಮಟ್ಟಿಗೆ ಬೆಣೆಯಾಕಾರದವು: ದಪ್ಪ ಬೆನ್ನು, ಹೆಚ್ಚುಕಡಿಮೆ ಚಪ್ಪಟೆ ಪಕ್ಕಗಳು. ಪಕ್ಕಗಳನ್ನು ಸಾಣೆಚಕ್ರದಲ್ಲಿ ಆಳವಾಗಿ ತೋಡುವ ಕೆಲಸಕ್ಕೆ 19ನೇ ಶತಮಾನದಲ್ಲಿ ಜರ್ಮನಿಯ ಸೋಲಿಂಗೆನ್ ಹೆಸರಾಯಿತು. ಪೂರ್ತಿ ತೋಡಿದ ಅಲಗಿನ ಬಾಯಿ, ಹೆಬ್ಬೆರಳಿನ ಉಗುರಿಗೆ ಮೆಲ್ಲಗೆ ಒತ್ತಿದರೆ ಬಾಗುವಷ್ಟು ತೆಳು. ಗಡ್ಡದ ಕೂದಲಿಗೆ ತಾಗಿದಾಗ ಸಣ್ಣಗೆ ಝೇಂಕರಿಸುತ್ತದೆ. ಆ ಸದ್ದಿಗಾಗಿಯೇ ಇದನ್ನು ಮೆಚ್ಚುವವರಿದ್ದಾರೆ. ಒರಟು ಗಡ್ಡಕ್ಕೆ ಬೆಣೆಯಲಗೇ ಬೇಕೆಂಬ ಮಾತು ಪೂರ್ತಿ ಸರಿಯಲ್ಲ. ಚೆನ್ನಾಗಿ ಮಸೆದ ತೆಳು ಅಲಗೂ ಅದನ್ನು ನಿಭಾಯಿಸುತ್ತದೆ. ಇಲ್ಲಿ ಕೈಯ ರೂಢಿಯೇ ದೊಡ್ಡದು.

ಮಸೆಯುವಾಗ ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸುತ್ತಾರೆ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವುದರಿಂದ ಕೋನ ತಪ್ಪದಂತೆ ಬೆನ್ನೇ ಕಾಯುತ್ತದೆ. ಬೆಣೆಯಲಗಿನಲ್ಲಿ ಸವೆಸಬೇಕಾದ ಉಕ್ಕು ಹೆಚ್ಚು, ಶ್ರಮವೂ ಹೆಚ್ಚು. ಹಳೆಯ ಕತ್ತಿ ಕೊಳ್ಳುವವರು ಅಗಲಕ್ಕಿಂತ ಮೊದಲು ಬೆನ್ನಿನ ಸವೆತವನ್ನು ನೋಡಬೇಕು: ಒಂದು ತುದಿ ಹೆಚ್ಚು ಸವೆದಿದ್ದರೆ ಬಾಯಿ ಕಲ್ಲಿನ ಮೇಲೆ ಸಮನಾಗಿ ಕೂರುವುದಿಲ್ಲ.