ಬಾರದ ದಿನದ ಲೆಕ್ಕ: ಗುಡ್ನಾಪುರ ಸೀಮೆಯಲ್ಲಿ ಮನೆ ಆರೈಕೆ ಏಜೆನ್ಸಿಗಳ ಗುಣಮಟ್ಟವನ್ನು ಅಳೆಯುವ ಬಗೆ

ಗುಡ್ನಾಪುರವನ್ನು ವಿದ್ವತ್ ಲೋಕ ಬಲ್ಲುದು ಕದಂಬ ರವಿವರ್ಮನ ಶಾಸನದ ಮೂಲಕ. ಆರನೆಯ ಶತಮಾನದ ಆ ಬರಹದಲ್ಲಿ ಕಾಮಜಿನಾಲಯದ ಪ್ರಸ್ತಾಪವಿದೆ, ಅದು ಮುಂದೆಯೂ ನಡೆದುಕೊಂಡು ಹೋಗಲೆಂದು ಬಿಟ್ಟ ಭೂಮಿಯ ವಿವರವಿದೆ. ಈ ಲೇಖನದ ವಿಷಯ ಅದೇ ಸೀಮೆಯ ಇಂದಿನ ಮನೆಗಳು. ಬನವಾಸಿಯ ಸುತ್ತಲಿನಿಂದ ಸಿದ್ದಾಪುರ, ಯಲ್ಲಾಪುರದವರೆಗೆ ಎಷ್ಟೋ ತೋಟದ ಮನೆಗಳಲ್ಲಿ ಹಿರಿಯರಷ್ಟೇ ಉಳಿದಿದ್ದಾರೆ; ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಲಕ್ವ ಹೊಡೆದು ಮಲಗಿದ ತಂದೆಯನ್ನು, ಅರಳುಮರಳಾದ ತಾಯಿಯನ್ನು, ಕೆಲವೆಡೆ ತಂದೆತಾಯಿಗಳಿಗೇ ವಯಸ್ಸಾದ ಮೇಲೆ ಅಂಗವಿಕಲ ಮಗನನ್ನು ನೋಡಿಕೊಳ್ಳಲು ಏಜೆನ್ಸಿಯ ಮೂಲಕ ‘ಹೋಂ ನರ್ಸ್’ ಬರುತ್ತಾರೆ. ಹೆಸರಿಗೆ ನರ್ಸ್ ಆದರೂ ಇವರಲ್ಲಿ ಅನೇಕರು ನರ್ಸಿಂಗ್ ಓದಿದವರಲ್ಲ. ಇಂಥ ಏಜೆನ್ಸಿಯೊಂದು ಒಳ್ಳೆಯದೋ ಅಲ್ಲವೋ ಎಂಬುದನ್ನು ಯಾವ ಸಾಕ್ಷ್ಯದ ಮೇಲೆ ತೀರ್ಮಾನಿಸಬೇಕು?

ಹಿಂದಿನ ಅಧ್ಯಯನಗಳಲ್ಲಿ ಒಮ್ಮತವಿರುವ ಸಂಗತಿಗಳನ್ನು ಬೇಗ ದಾಟಬಹುದು. ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರು ನಿತ್ಯಕರ್ಮಗಳ ಮೂಲಕ ಪರಾವಲಂಬನೆಯನ್ನು ಅಳೆಯುವ ಕ್ರಮವನ್ನು ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟರು. 1966ರಲ್ಲಿ ಅವೆಡಿಸ್ ಡೊನಾಬೆಡಿಯನ್ ವೈದ್ಯಕೀಯ ಆರೈಕೆಯ ಗುಣಮಟ್ಟವನ್ನು ವ್ಯವಸ್ಥೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದರು. ಇಂದಿನ ಗುಣಮಟ್ಟದ ಚರ್ಚೆಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ಈ ಮೂರರಿಂದಲೇ ಹೊರಡುತ್ತವೆ. ಇವುಗಳ ಉಪಯುಕ್ತತೆಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಡೊನಾಬೆಡಿಯನ್ ಚೌಕಟ್ಟನ್ನು ಮನೆ ಆರೈಕೆಗೆ ಇದ್ದಂತೆಯೇ ಒಯ್ಯುವುದರಲ್ಲಿ. 1966ರ ಆ ಪ್ರಬಂಧ ತನ್ನ ಮಿತಿಯನ್ನು ತಾನೇ ಹಾಕಿಕೊಂಡಿತ್ತು: ವೈದ್ಯ ಮತ್ತು ರೋಗಿಯ ನಡುವಿನ ವ್ಯವಹಾರದ ಮಟ್ಟದಲ್ಲಿ ನಡೆಯುವ ಆರೈಕೆಯೇ ಅದರ ಮುಖ್ಯ ವಿಷಯ. ಆಸ್ಪತ್ರೆಯಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುತ್ತಾರೆ, ಕೇಸ್ ಶೀಟ್ ಉಳಿಯುತ್ತದೆ, ಪಾಳಿ ಮುಗಿದರೆ ಮುಂದಿನವರು ಬರುತ್ತಾರೆ. ಕೆರೆ ದಂಡೆಯ ಒಂಟಿಮನೆಯಲ್ಲಿ ಈ ಮೂರೂ ಇಲ್ಲ.

ಹಾಗಾಗಿ ಮೂರು ನೆಲೆಗಳನ್ನೂ ಇಲ್ಲಿಯ ನೆಲದಲ್ಲಿಟ್ಟು ಒಂದೊಂದಾಗಿ ಪರೀಕ್ಷಿಸಬೇಕು. ವ್ಯವಸ್ಥೆ ಎಂದರೆ ತರಬೇತಿಯ ಸರ್ಟಿಫಿಕೇಟು, ಆಧಾರ್ ಪ್ರತಿ, ಪೊಲೀಸ್ ಪರಿಶೀಲನೆ. ಇವು ಇರಲೇಬೇಕು. ಆದರೆ ಏಜೆನ್ಸಿಯ ಕಚೇರಿಯಲ್ಲಿರುವ ಸರ್ಟಿಫಿಕೇಟು, ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿದ್ದವರ ಮಗ್ಗುಲು ಬದಲಿಸಿದರೋ ಇಲ್ಲವೋ ಎಂಬುದನ್ನು ಹೇಳಲಾರದು. ಫಲಿತಾಂಶದ ನೆಲೆ ಇನ್ನೂ ಜಾರುವಂಥದ್ದು. ಎಂಬತ್ತೈದರ ವಯಸ್ಸಿನಲ್ಲಿ ಮರೆವಿನ ಕಾಯಿಲೆ ಇರುವವರು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಸೊರಗುತ್ತಾರೆ. ಹಾಸಿಗೆ ಹುಣ್ಣು, ಬೀಳುವಿಕೆ, ತೂಕದ ಇಳಿಕೆ ಅರ್ಥವುಳ್ಳ ಸೂಚಕಗಳೇ. ಆದರೆ ಒಂದು ತಾಲ್ಲೂಕಿನಲ್ಲಿ ಬೆರಳೆಣಿಕೆಯ ಮನೆಗಳಿಗೆ ಜನ ಕಳಿಸುವ ಏಜೆನ್ಸಿಯ ವಿಷಯದಲ್ಲಿ ಈ ಲೆಕ್ಕ ಆಕಸ್ಮಿಕವನ್ನೂ ಅಲಕ್ಷ್ಯವನ್ನೂ ಬೇರ್ಪಡಿಸಲಾರದು. ಉಳಿದದ್ದು ಪ್ರಕ್ರಿಯೆ. ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಎಂದರೆ ಆರೈಕೆ ಪಡೆಯುವವರೊಬ್ಬರೇ, ಅವರಲ್ಲಿ ಹಲವರಿಗೆ ಮಾತೇ ನಿಂತಿರುತ್ತದೆ. ಏಜೆನ್ಸಿ ಫೋನು ಮಾಡಿ ತೃಪ್ತಿಯೇ ಎಂದು ಕೇಳುವುದು ಹಣ ಕೊಡುವ ಮಗನನ್ನು. ಆತ ನೋಡುವುದು ಸಂಜೆಯ ವಿಡಿಯೊ ಕರೆಯನ್ನು. ಅವನ ಉತ್ತರ ಪ್ರಾಮಾಣಿಕವಾಗಿದ್ದರೂ ಅದು ಆರೈಕೆಯ ಸಾಕ್ಷ್ಯವಾಗುವುದಿಲ್ಲ.

ಇಲ್ಲಿ ನನ್ನ ವಾದವನ್ನು ಮುಂದಿಡುತ್ತೇನೆ. ದೀರ್ಘಕಾಲ ಮನೆಯಲ್ಲೇ ಉಳಿದು ನೋಡಿಕೊಳ್ಳುವ ಸೇವೆಯ ಮಟ್ಟಿಗೆ, ಈ ಸೀಮೆಯಂಥ ಚದುರಿದ ವಸತಿಯಲ್ಲಿ, ಏಜೆನ್ಸಿಯ ಗುಣಮಟ್ಟಕ್ಕೆ ಮೊದಲ ಸಾಕ್ಷ್ಯವಾಗಬೇಕಾದದ್ದು ಹೋಂ ನರ್ಸ್ ಬಾರದ ದಿನ, ಅಥವಾ ಬಿಟ್ಟುಹೋದ ದಿನ. ಆ ದಿನ ಏಜೆನ್ಸಿ ಯಾರಿಗೆ ಮೊದಲು ತಿಳಿಸಿತು, ಬದಲಿಗೆ ಯಾರನ್ನು ಎಷ್ಟು ಹೊತ್ತಿನಲ್ಲಿ ಕಳಿಸಿತು, ಬಂದವರಿಗೆ ಔಷಧಿಯ ಹೊತ್ತು, ಕ್ಯಾಥೆಟರ್ ಬದಲಿಸಿದ ದಿನಾಂಕ, ಗಂಜಿ ನುಂಗಿಸುವ ರೀತಿ ಬರಹದಲ್ಲಿ ಸಿಕ್ಕಿತೋ ಇಲ್ಲವೋ ಎಂಬುದು ಮುಖ್ಯ. ಉಳಿದ ದಿನಗಳಲ್ಲಿ ಏಜೆನ್ಸಿ ಹೆಚ್ಚಾಗಿ ಕಾಣಿಸುವುದೇ ಇಲ್ಲ. ಒಳ್ಳೆಯ ಆರೈಕೆಯಾದರೆ ಅದು ಆ ಒಬ್ಬ ಹೆಂಗಸಿನ ಒಳ್ಳೆಯತನ, ಏಜೆನ್ಸಿಯದಲ್ಲ. ಏಜೆನ್ಸಿ ತಾನೇ ಕೆಲಸ ಮಾಡಬೇಕಾದದ್ದು ಹೋಂ ನರ್ಸ್ ಬಾರದ ದಿನ. ಹಾಗಾಗಿ ಏಜೆನ್ಸಿಯನ್ನು ಅಳೆಯಲು ಸಿಗುವ ದಿನವೂ ಅದೇ.

ಇಂಥ ದಿನಗಳು ಇಲ್ಲಿ ಎಲ್ಲಿಂದಲೋ ಬಂದೆರಗುವುದಿಲ್ಲ, ಬರುತ್ತವೆಂದು ಮೊದಲೇ ಗೊತ್ತಿರುತ್ತದೆ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ. ಮಳೆಗಾಲದಲ್ಲಿ ಮರ ಬಿದ್ದು ದಾರಿಯೂ ಕರೆಂಟೂ ಹೋಗುವ ವಾರಗಳು. ಅಡಕೆ ಕೊನೆಕೊಯ್ಲಿನ ಹೊತ್ತಿಗೆ ಸುಲಿಯುವ ಕೆಲಸಕ್ಕೆ ಊರೂರಲ್ಲಿ ಜನ ಬೇಕಾಗುತ್ತದೆ. ಹಗಲುರಾತ್ರಿ ಇನ್ನೊಬ್ಬರ ಮನೆಯಲ್ಲಿ ಕಟ್ಟಿಹಾಕಿಕೊಂಡಂತಿರುವುದಕ್ಕಿಂತ ಸ್ವಂತ ಊರಿನ ಆ ದುಡಿಮೆಯನ್ನು ಹೆಣ್ಣುಮಗಳೊಬ್ಬಳು ಆರಿಸಿಕೊಂಡರೆ ಅದರಲ್ಲಿ ತಪ್ಪೇನೂ ಕಾಣದು. ಇದೆಲ್ಲ ಪಂಚಾಂಗ ನೋಡಿದವರಿಗೂ ತಿಳಿಯುವ ಸಂಗತಿ. ಮುಂದಾಗಿ ಏರ್ಪಾಡು ಮಾಡದ ಏಜೆನ್ಸಿ ಅನಿರೀಕ್ಷಿತದ ನೆಪ ಹೇಳುವಂತಿಲ್ಲ.

ಈ ವಾದಕ್ಕೆ ಹೊರಗಿನ ಬೆಂಬಲವೂ ಇದೆ. ಆರೋಗ್ಯ ಮತ್ತು ಆರೈಕೆಗೆ ಮಾರ್ಗಸೂಚಿ ರೂಪಿಸುವ ಇಂಗ್ಲೆಂಡಿನ ನೈಸ್ (NICE) ಸಂಸ್ಥೆ 2015ರಲ್ಲಿ ಹಿರಿಯರ ಮನೆ ಆರೈಕೆಗೆಂದೇ ಹೊರತಂದ ಮಾರ್ಗಸೂಚಿ, ಭೇಟಿ ತಪ್ಪುವುದು ಆರೋಗ್ಯಕ್ಕೆ ಗಂಭೀರ ಹಾನಿ ತರಬಲ್ಲದೆಂದು ಗುರುತಿಸಿ, ಅಂಥ ಸಂದರ್ಭಕ್ಕೆ ಮೊದಲೇ ಯೋಜನೆ ಇರಬೇಕೆನ್ನುತ್ತದೆ. ಒಂಟಿಯಾಗಿರುವವರ ಕಡೆಗೆ ವಿಶೇಷ ಗಮನವಿರಲಿ, ನೋಡಿಕೊಳ್ಳಲು ಬರುವವರು ಪರಿಚಿತರಾಗಿರಲಿ ಎಂದೂ ಅದು ಹೇಳುತ್ತದೆ. ಆದರೆ ಅದು ದಿನಕ್ಕೆ ಕೆಲವು ಬಾರಿ ಬಂದುಹೋಗುವ ಸೇವೆಯನ್ನು ಮನಸ್ಸಿನಲ್ಲಿಟ್ಟುಕೊಂಡ ದಾಖಲೆ. ಅಲ್ಲಿ ಹಲವು ಸೂಚಕಗಳಲ್ಲಿ ಒಂದಾದದ್ದನ್ನು ನಾನು ಇಲ್ಲಿ ಮೊದಲನೆಯದಾಗಿಸುತ್ತಿದ್ದೇನೆ.

ನಮ್ಮ ಕಾನೂನು ಈ ದಿನವನ್ನು ಹೇಗೆ ಕಾಣುತ್ತದೆ? 2007ರ ಪಾಲಕರ ಪೋಷಣೆ ಹಾಗೂ ಹಿರಿಯ ನಾಗರಿಕರ ರಕ್ಷಣೆಯ ಕಾಯ್ದೆಯ 24ನೆಯ ಕಲಮು, ಆರೈಕೆಯ ಹೊಣೆ ಹೊತ್ತವರು ಹಿರಿಯರನ್ನು ತೊರೆದುಹೋದರೆ ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಸಂಪೂರ್ಣವಾಗಿ ತೊರೆಯುವ ಉದ್ದೇಶ ಅಲ್ಲಿ ರುಜುವಾತಾಗಬೇಕು. ಎರಡು ದಿನ ಬದಲಿ ಕಳಿಸದ ಏಜೆನ್ಸಿಯ ಮೇಲೆ ಈ ಕಲಮು ನಿಲ್ಲುವುದು ಕಷ್ಟ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಸೇವೆಯ ಫಲಾನುಭವಿಯನ್ನೂ ಗ್ರಾಹಕರೆಂದು ಒಪ್ಪುವುದರಿಂದ, ಹಣ ಕೊಟ್ಟವನು ಮಗನಾದರೂ ತಾಯಿಯೇ ದೂರು ಕೊಡಬಹುದು. ಅದಕ್ಕೆ ಜಿಲ್ಲಾ ಆಯೋಗವಿರುವುದು ಘಟ್ಟ ಇಳಿದು ಹೋಗಬೇಕಾದ ಕಾರವಾರದಲ್ಲಿ. ಮನೆ ಆರೈಕೆ ಸಂಸ್ಥೆಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟವನ್ನು 2007ರ ಕಾಯ್ದೆಯೊಳಗೆ ತರಲಿದ್ದ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು, ಸ್ಥಾಯಿ ಸಮಿತಿಗೂ ಹೋಯಿತು. ಅಂಗೀಕಾರವಾಗದೆ 2024ರಲ್ಲಿ ಹದಿನೇಳನೆಯ ಲೋಕಸಭೆಯೊಂದಿಗೆ ಬಿದ್ದುಹೋಯಿತು. ಇದು ದೊಡ್ಡ ನಷ್ಟವೆಂದೇ ನನ್ನ ಭಾವನೆ.

ಮೇಲಿನ ವಾದಕ್ಕೆ ಕೆಲವು ಮಿತಿಗಳನ್ನು ಹಾಕಿಕೊಳ್ಳಲೇಬೇಕು. ಶಸ್ತ್ರಚಿಕಿತ್ಸೆಯ ನಂತರದ ಹದಿನೈದು ದಿನದ ಶುಶ್ರೂಷೆಗೆ ಈ ಅಳತೆ ಸಲ್ಲದು. ಅಲ್ಲಿ ನೋಂದಾಯಿತ ನರ್ಸಿನ ಪರಿಣತಿಯೇ ಮೊದಲು. ಹೊಡೆತ, ಬೈಗುಳ, ಕಳವಿನಂಥ ಸಂಗತಿಗಳನ್ನು ಇದು ಹಿಡಿಯಲಾರದು. ಬದಲಿಯವರನ್ನು ಚಾಚೂ ತಪ್ಪದೆ ಕಳಿಸುವ ಏಜೆನ್ಸಿಯ ಕೆಲಸಗಾರರೂ ಕ್ರೂರವಾಗಿ ನಡೆದುಕೊಳ್ಳಬಹುದು. ಯಾರನ್ನಾದರೂ ಕಳಿಸಿ ದಿನ ತುಂಬಿಸುವ ಚಾಳಿ ಬೆಳೆಯುವ ಅಪಾಯವೂ ಇದೆ. ಮರೆವಿನ ಕಾಯಿಲೆಯವರಿಗೆ ಅಪರಿಚಿತ ಮುಖವೇ ಹಿಂಸೆಯಾದೀತು, ಅದರಲ್ಲೂ ಹವಿಗನ್ನಡ ಅಥವಾ ಕೊಂಕಣಿಯಷ್ಟೇ ಉಳಿದವರಿಗೆ ಆ ಮಾತು ಬಾರದವರು ಬಂದರೆ. ಆದ್ದರಿಂದ ‘ಮೊದಲ ಸಾಕ್ಷ್ಯ’ ಎಂದಿದ್ದೇನೆ, ಏಕೈಕ ಸಾಕ್ಷ್ಯ ಎಂದಿಲ್ಲ. ಬದಲಿಗೆ ಬರುವವರು ಮೊದಲೇ ಒಮ್ಮೆಯಾದರೂ ಆ ಮನೆಗೆ ಬಂದು ಗುರುತಾಗಿರಬೇಕೆಂಬ ಷರತ್ತನ್ನು ಇದರೊಂದಿಗೇ ಓದಬೇಕು.

ಬಾರದ ದಿನಗಳ ಈ ಲೆಕ್ಕವನ್ನು ಇಡುವವರು ಯಾರು? ಏಜೆನ್ಸಿಯೇ ಇಟ್ಟರೆ ನಂಬುವುದು ಹೇಗೆ? ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿದ್ದಾರೆ. ಕೇರಳ 2008ರಲ್ಲಿ ಉಪಶಾಮಕ ಆರೈಕೆಯ ನೀತಿ ತಂದ ಮೇಲೆ ಸ್ಥಳೀಯ ಸಂಸ್ಥೆಗಳ ಮೂಲಕ ನರ್ಸ್ ಹಾಸಿಗೆ ಹಿಡಿದವರ ಮನೆಗೆ ಹೋಗುವ ಪದ್ಧತಿ ಬೆಳೆಯಿತು. ಎಂಡೋಸಲ್ಫಾನ್ ಸಂಕಟ ಕಂಡ ಕಾಸರಗೋಡಿನ ಕನ್ನಡದ ಊರುಗಳಿಗೂ ಈ ನೀತಿ ಅನ್ವಯಿಸುತ್ತದೆ. ಅಲ್ಲಿಯ ನರ್ಸ್ ಖಾಸಗಿ ಏಜೆನ್ಸಿಯ ಮೇಲ್ವಿಚಾರಕಿಯಲ್ಲ ನಿಜ. ಆದರೆ ಹೊರಗಿನ ಒಂದು ಜೊತೆ ಕಣ್ಣು ನಿಯತವಾಗಿ ಮನೆಯೊಳಗೆ ಬರುವ ದಾರಿಯಂತೂ ಅಲ್ಲಿದೆ. ಈಗಾಗಲೇ ಕೆಲಸದ ಹೊರೆ ಹೊತ್ತ, ಗೌರವಧನಕ್ಕಾಗಿ ಬೀದಿಗಿಳಿಯಬೇಕಾಗಿ ಬಂದಿರುವ ನಮ್ಮ ಆಶಾ ಕಾರ್ಯಕರ್ತೆಯರ ಮೇಲೆ ಈ ಲೆಕ್ಕವನ್ನೂ ಹೇರುವುದು ನ್ಯಾಯವೇ ಎಂಬ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ.

ಇನ್ನೊಂದು ಪ್ರಶ್ನೆಯೂ ತೆರೆದೇ ಇದೆ. ಬದಲಿಗೆಂದು ಒಬ್ಬರನ್ನು ಸದಾ ಸಿದ್ಧವಾಗಿಡಬೇಕಾದರೆ ಕೆಲಸವಿಲ್ಲದ ದಿನಗಳಲ್ಲೂ ಅವರಿಗೆ ಸಂಬಳ ಕೊಡಬೇಕು. ಆ ಹಣ ಕುಟುಂಬದ ತಿಂಗಳ ಬಿಲ್ಲಿಗೆ ಸೇರಬೇಕೇ, ಏಜೆನ್ಸಿಯ ಕಮಿಷನ್ನಿನಿಂದ ಬರಬೇಕೇ, ಇಲ್ಲ ಪಂಚಾಯಿತಿ ಭರಿಸಬೇಕೇ ಎಂಬುದನ್ನು ಗುಣಮಟ್ಟದ ಯಾವ ಚೌಕಟ್ಟೂ ತಾನಾಗಿ ತೀರ್ಮಾನಿಸಲಾರದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಏಜೆನ್ಸಿಗಳ ಲೆಕ್ಕಪತ್ರಗಳನ್ನೂ ಹೋಂ ನರ್ಸುಗಳ ಮಾತನ್ನೂ ಒಟ್ಟಿಗಿಟ್ಟು ನೋಡುವ ಮುಂದಿನ ಅಧ್ಯಯನ ಇಲ್ಲಿಂದ ಆರಂಭವಾಗಬಹುದು.