ಔಷಧ ಅಂಗಡಿಗಳ ಸುರಕ್ಷತೆ ಮತ್ತು ಗುಣಮಟ್ಟ (ಬೆಳುವಾಯಿ ಸೀಮೆ)

ದಕ್ಷಿಣ ಕನ್ನಡ ಜಿಲ್ಲೆಯ ಬೆಳುವಾಯಿ, ಮೂಡುಬಿದಿರೆ ಮತ್ತು ನೆರೆಯ ಬಂಟ್ವಾಳ, ಬೆಳ್ತಂಗಡಿ ತಾಲ್ಲೂಕುಗಳಲ್ಲಿ ಜನ ‘ಮೆಡಿಕಲ್’ ಎಂದೇ ಕರೆಯುವ ಔಷಧ ಅಂಗಡಿಗಳು ಪಾಲಿಸಬೇಕಾದ ನಿಯಮಗಳು ಬೆಳೆದುಬಂದ ಬಗೆ ಇದು. ಕರ್ನಾಟಕದ ಔಷಧ ನಿಯಂತ್ರಣದ ಕಥೆಯನ್ನು ಮೈಸೂರು ಸಂಸ್ಥಾನದಿಂದ ಶುರುಮಾಡುವ ರೂಢಿಯಿದೆ. ಈ ಸೀಮೆಗೆ ಅದು ಹೊಂದುವುದಿಲ್ಲ. 1956ರ ನವೆಂಬರ್ 1ರವರೆಗೆ ಇದು ಮದ್ರಾಸ್ ಆಡಳಿತಕ್ಕೆ ಸೇರಿದ ದಕ್ಷಿಣ ಕನ್ನಡವಾಗಿತ್ತು.

ಕಾನೂನು ಬರುವುದಕ್ಕೂ ಬಹಳ ಮೊದಲೇ ಇಲ್ಲಿ ಔಷಧ ವಿತರಣೆ ನಡೆದಿತ್ತು. ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧ ಕೊಡಲಾರಂಭಿಸಿದರು. ಅಲೋಪತಿ ಔಷಧವನ್ನು ಡಿಸ್ಪೆನ್ಸರಿಯ ಕಂಪೌಂಡರ್ ಕೈಯಾರೆ ಬೆರೆಸುತ್ತಿದ್ದ. ಮಿಕ್ಸ್ಚರ್ ಬಾಟಲಿಯ ಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಒಂದೊಂದು ಹೊತ್ತಿನ ಅಳತೆ ತೋರಿಸುತ್ತಿದ್ದ. ಪ್ರಮಾಣ ತಪ್ಪದಂತೆ ಕಾಯಲು ರೋಗಿಯ ಮನೆಯಲ್ಲಿದ್ದ ಸಾಧನ ಆ ಪಟ್ಟಿಯೊಂದೇ.

ಕರ್ನಲ್ ರಾಮನಾಥ ಚೋಪ್ರಾ ಅಧ್ಯಕ್ಷತೆಯ ಸಮಿತಿ (1930–31), 1940ರ ಔಷಧ ಕಾಯ್ದೆ, 1945ರ ನಿಯಮಗಳು ಎಲ್ಲ ಗ್ರಂಥಗಳಲ್ಲೂ ಸಿಗುವ ಸಂಗತಿಗಳು. ಗೊಂದಲ ಹುಟ್ಟುವುದು ಆಮೇಲೆ. ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ಔಷಧ ಕೊಡಬೇಕೆಂಬ ನಿಯಮ 1948ರ ಫಾರ್ಮಸಿ ಕಾಯ್ದೆಯೊಂದಿಗೇ ಜಾರಿಗೆ ಬಂತೆಂದು ಹಲವು ಕಡೆ ಬರೆದಿರುತ್ತಾರೆ. ಅದು ನಿಜವಲ್ಲ. ಆ ಕಾಯ್ದೆಯ 42ನೇ ಕಲಮು ದಿನಾಂಕ ಗೊತ್ತುಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಬಿಟ್ಟಿತ್ತು. 1976ರ ತಿದ್ದುಪಡಿ, ರಾಜ್ಯ ಸುಮ್ಮನಿದ್ದರೂ ಇಂತಿಷ್ಟು ವರ್ಷ ಕಳೆದ ಮೇಲೆ ಕಲಮು ತಾನಾಗಿ ಜಾರಿಯಾಗುವಂತೆ ಮಾಡಿತು. ಐದು ವರ್ಷದ ಆ ಗಡುವು ಮುಂದೆ ಎಂಟಕ್ಕೆ ಏರಿ, 1984ರ ಸೆಪ್ಟೆಂಬರ್ 1ಕ್ಕೆ ಮುಗಿಯಿತು. ಕಾಯ್ದೆ ಬಂದು ಆಗ 36 ವರ್ಷ.

ಆ ನಡುವಿನ ಕಾಲದ ಅಂಗಡಿಗಳು ಕಾನೂನುಬಾಹಿರವಾಗಿದ್ದವೆಂದು ಇದರಿಂದ ತೀರ್ಮಾನಿಸುವುದೂ ತಪ್ಪು. ಐದು ವರ್ಷ ಔಷಧ ಬೆರೆಸಿದ ಅನುಭವವಿದ್ದವರಿಗೆ ಮೊದಲ ನೋಂದಣಿಯಲ್ಲೇ ಜಾಗ ಸಿಕ್ಕಿತ್ತು. 1969ರ ಡಿಸೆಂಬರ್ 31ರೊಳಗೆ ‘ಅರ್ಹ ವ್ಯಕ್ತಿ’ ಎಂದು ಪರವಾನಗಿ ಅಧಿಕಾರಿ ಒಪ್ಪಿದವರನ್ನೂ 1945ರ ನಿಯಮಗಳು ಮುಂದುವರಿಯಗೊಟ್ಟವು. ಡಿಪ್ಲೊಮಾ ಇಲ್ಲದೆಯೂ ಕೆಲಸ ಬಲ್ಲ ಹಿರಿಯರು ಕೌಂಟರಿನಲ್ಲಿ ಉಳಿದದ್ದು ಹೀಗೆ, ಮತ್ತು ಹಳ್ಳಿಗಾಡಿಗೆ ಔಷಧ ಮುಟ್ಟಿದ್ದರಲ್ಲಿ ಅವರ ಪಾಲು ದೊಡ್ಡದು. 1963ರಲ್ಲಿ ಮಣಿಪಾಲದಲ್ಲಿ, 1982ರಲ್ಲಿ ನಿಟ್ಟೆ ಸಂಸ್ಥೆಯಿಂದ ಫಾರ್ಮಸಿ ಕಾಲೇಜುಗಳು ಆರಂಭವಾದ ಮೇಲೆ ಕರಾವಳಿಯಲ್ಲೇ ಓದಿದವರು ದೊರಕತೊಡಗಿದರು. ಈ ಸೀಮೆಯ ಮಟ್ಟಿಗೆ 1948ಕ್ಕಿಂತ 1984ನ್ನೇ ತಿರುವೆಂದು ಎಣಿಸುವುದು ಸರಿ.

ಇನ್ನೊಂದು ತಪ್ಪು ತಿಳಿವಳಿಕೆ ಕಿರಾಣಿ ಅಂಗಡಿಗೆ ಸಂಬಂಧಿಸಿದ್ದು. 1945ರ ನಿಯಮಗಳ ಶೆಡ್ಯೂಲ್ ಕೆ ಪ್ರಕಾರ ಪ್ಯಾರಾಸಿಟಮಾಲ್, ಗ್ರೈಪ್ ವಾಟರ್‌ನಂಥ ಕೆಲವು ಮನೆಮದ್ದುಗಳನ್ನು ಪರವಾನಗಿಯಿಲ್ಲದೆ ಮಾರಬಹುದು. ಆದರೆ ಈ ವಿನಾಯಿತಿ 1,000 ಮೀರದ ಜನಸಂಖ್ಯೆಯ ಹಳ್ಳಿಗಳಿಗೆ ಮಾತ್ರ. ಬೆಳುವಾಯಿ ಅದಕ್ಕಿಂತ ದೊಡ್ಡ ಊರು. ಔಷಧ ಅಂಗಡಿಗಾದರೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ದಾಸ್ತಾನಿಗೆ ತಕ್ಕ ವ್ಯವಸ್ಥೆಯೂ ಬೇಕು. ಇನ್ಸುಲಿನ್ ದಾಸ್ತಾನಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಪ್ಪಬಾರದು, ಹೆಪ್ಪುಗಟ್ಟಿದರೂ ಅದು ಕೆಡುತ್ತದೆ. ಆಟಿ ತಿಂಗಳ ಮಳೆಗೆ ಮರ ಬಿದ್ದು ತಂತಿ ಹರಿದು ಕರೆಂಟು ಹೋಗುವ ಈ ಕಡೆ ಫ್ರಿಜ್ಜಿನೊಳಗೆ ಥರ್ಮಾಮೀಟರ್, ಹೊರಗೆ ಇನ್ವರ್ಟರ್ ಇರಲೇಬೇಕು. ತೇವ ಹಿಡಿದ ಗೋಡೆಗೆ ಔಷಧದ ಪೆಟ್ಟಿಗೆ ಒರಗಿಸಿಡುವುದೂ ಸಲ್ಲದು.

ಇತ್ತೀಚಿನ ಬದಲಾವಣೆಗಳಲ್ಲಿ ಮುಖ್ಯವಾದದ್ದು ಶೆಡ್ಯೂಲ್ ಎಚ್1. 2013ರ ಆಗಸ್ಟ್ 30ರಂದು ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಯಾದ ಇದರಲ್ಲಿ ಆರಂಭಕ್ಕೆ 46 ಔಷಧಗಳಿದ್ದವು. ಬಹುಪಾಲು ಪ್ರಬಲ ಆಂಟಿಬಯಾಟಿಕ್‌ಗಳು, ಕ್ಷಯದ ಮದ್ದುಗಳು. ಚೀಟಿ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಹಳೆಯ ಚೀಟಿ ತೋರಿಸಿ ‘ಅದೇ ಮಾತ್ರೆ ಕೊಡಿ ಅಣ್ಣಾ’ ಎನ್ನುವ ಪರಿಚಿತರಿಗೆ ಇಲ್ಲವೆನ್ನುವುದು ಚಿಕ್ಕ ಊರಿನಲ್ಲಿ ಸುಲಭವಲ್ಲ. ಮದ್ದಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವಾಗ ಹಾಗೆ ಹೇಳಬಲ್ಲ ಫಾರ್ಮಸಿಸ್ಟ್ ಊರಿಗೆ ಬೇಕಾದವನು. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಶನ್ಸ್ ರೋಗಿಗೆ ತಿಳಿಹೇಳುವುದನ್ನೂ ಅವನ ಕರ್ತವ್ಯವಾಗಿಸಿದೆ.

2023ರ ಆಗಸ್ಟ್ 1ರಿಂದ 300 ಹೆಸರಾಂತ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಇದರ ಪ್ರಯೋಜನ ಇಡೀ ಪ್ಯಾಕ್ ಕೊಳ್ಳುವವರಿಗೆ ಹೆಚ್ಚು. ನಾಲ್ಕೇ ಮಾತ್ರೆ ಕೇಳುವವರಿಗೆ ಸ್ಟ್ರಿಪ್ ಕತ್ತರಿಸಿ ಕೊಡುವಾಗ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಅಚ್ಚಾದ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಆಗ ಅವೆರಡನ್ನೂ ಬಿಲ್ಲಿನಲ್ಲಿ ನಮೂದಿಸಿ ಕೊಟ್ಟರಷ್ಟೇ ಗ್ರಾಹಕನ ಬಳಿ ದಾಖಲೆ ಇರುತ್ತದೆ.